ಪಾದರಸ ನೋಡುತ್ತಿದ್ದ ಬೆಳಗುಗಳು

ಏಳುವ ಮೊದಲು, ಮಾತನಾಡುವ ಮೊದಲು, ಒಂದು ಗುಟುಕು ನೀರು ಕುಡಿಯುವುದಕ್ಕೂ ಮೊದಲು, ನಾಲಿಗೆಯ ಕೆಳಗೆ ಐದು ನಿಮಿಷ. ಆ ವರ್ಷ ನಾನು ಹೆಂಗಸರಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ಇದು.

ಅರವತ್ತರ ದಶಕದ ಆರಂಭ. ಉಡುಪಿಯ ಒಂದು ಸಣ್ಣ ಹೆಂಗಸರ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ನಮ್ಮ ಡಾಕ್ಟರಮ್ಮ ಮದರಾಸಿನಲ್ಲಿ ಆರು ತಿಂಗಳು ಕಲಿತು ಮರಳುವಾಗ ಆರು ಥರ್ಮಾಮೀಟರುಗಳನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದರು. ಮಕ್ಕಳಾಗದ ಹೆಂಗಸರಿಗೆ ಒಂದೊಂದನ್ನು ಕೊಡುವುದು, ದಿನವೂ ಮೈಬಿಸಿ ಎಷ್ಟೆಂದು ಚೌಕಳಿ ಕಾಗದದ ಮೇಲೆ ಚುಕ್ಕಿ ಹಾಕಿಸುವುದು, ತಿಂಗಳ ಕೊನೆಗೆ ಆ ಚುಕ್ಕಿಗಳನ್ನು ಗೀಟೆಳೆದು ಸೇರಿಸಿ ಡಾಕ್ಟರಮ್ಮನ ಮುಂದಿಡುವುದು ನನ್ನ ಪಾಲಿನ ಕೆಲಸವಾಯಿತು. ಕಾಗದ ಮಣಿಪಾಲದಿಂದ ಬರುತ್ತಿತ್ತು. ತಿಂಗಳ ಮೊದಲರ್ಧದಲ್ಲಿ ಬಿಸಿ ತೊಂಬತ್ತೇಳೂವರೆಯ ಆಸುಪಾಸಿನಲ್ಲಿರುತ್ತದೆ. ಅಂಡ ಬಿಟ್ಟ ಮೇಲೆ ಅರ್ಧ ಡಿಗ್ರಿಯಷ್ಟು ಏರಿ, ಎರಡು ವಾರ ಅಲ್ಲೇ ನಿಂತು, ಮುಟ್ಟಿನ ಹೊತ್ತಿಗೆ ಇಳಿಯುತ್ತದೆ. ಇಳಿಯದೆ ನಿಂತರೆ ಬಸಿರು. ಕೇಳುವುದಕ್ಕೆ ಇಷ್ಟೇ.

ಐದು ಮಂದಿ ತಾವೇ ಓದಿ ಬರೆಯಬಲ್ಲವರು. ಕಾರ್ಕಳದ ಮಾಸ್ತರರ ಹೆಂಡತಿಯ ಕಾಗದವನ್ನು ನೋಡಿದರೆ ಕಸೂತಿ ಹಾಕಿದ್ದಾರೋ ಎನ್ನಿಸುತ್ತಿತ್ತು. ಆರನೆಯವಳು ಕಾಪುವಿನ ಮೀನುಗಾರರ ಮನೆಯ ಹೆಣ್ಣು. ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ. ನನ್ನ ಗಂಡ ಕಾಪುವಿನ ಶಾಲೆಯಲ್ಲಿ ಮಾಸ್ತರರಾಗಿದ್ದುದರಿಂದ ನಮ್ಮ ಬಿಡಾರವೂ ಅಲ್ಲೇ. ಥರ್ಮಾಮೀಟರನ್ನು ಕೊಡಹುವವರೆಗೆ ಪಾದರಸ ಏರಿದಲ್ಲೇ ನಿಲ್ಲುತ್ತದೆ. ಹಾಗಾಗಿ ಅವಳು ಬೆಳಿಗ್ಗೆ ನಾಲಿಗೆಯಡಿಯಿಂದ ತೆಗೆದು ತಲೆದಿಂಬಿನ ಪಕ್ಕ ಇಟ್ಟಿರುವುದು, ಉಡುಪಿಯ ಬಸ್ಸು ಹಿಡಿಯುವ ಮೊದಲು ನಾನು ಹೋಗಿ ಓದುವುದು ಎಂದು ಮಾಡಿಕೊಂಡೆವು.

ಹೀಗೆ ನನ್ನ ದಿನಗಳು ಕಡಲ ಬದಿಯಲ್ಲಿ ಶುರುವಾಗತೊಡಗಿದವು. ಬೆಳಕು ಇನ್ನೂ ಬಣ್ಣವಾಗದ ಹೊತ್ತು. ದೀಪಸ್ತಂಭದ ಬೆಳಕು ಒಂದು ಸುತ್ತು ಬಂದು, ಹೋಗಿ, ಮತ್ತೆ ಬರುವಷ್ಟರಲ್ಲಿ ಆಕಾಶ ತುಸು ಬೆಳ್ಳಗಾಗಿರುತ್ತಿತ್ತು. ಒದ್ದೆ ಮರಳಿನ ಮೇಲೆ ನಡೆಯುವಾಗ ನನಗೆ ನಾನೇ ಪೂರ್ತಿ ಎದ್ದಿಲ್ಲವೇನೋ, ಹಾಸಿಗೆಯಲ್ಲೇ ಇದ್ದೇನೇನೋ ಅನ್ನಿಸುವುದಿತ್ತು. ಅವಳ ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಅವಳು ಚಾಪೆಯ ಮೇಲೆ ಮಲಗಿದ ಹಾಗೆಯೇ ಕಣ್ಣು ಬಿಟ್ಟು ನೋಡುತ್ತಿದ್ದಳು. ನಾನು ಗಾಜಿನ ಕಡ್ಡಿಯನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ಬೆಳ್ಳಿಯ ಎಳೆಯನ್ನು ಹುಡುಕುತ್ತಿದ್ದೆ.

"ಎಷ್ಟು ಉಂಟು ಬಾಯಮ್ಮ?" ಎಂದು ಒಳಗಿನಿಂದ ಕೇಳುತ್ತಿದ್ದವಳು ಅವಳ ಅಮ್ಮ. ನಮ್ಮಂಥ ಕ್ರೈಸ್ತ ಹೆಂಗಸರನ್ನು ಅಲ್ಲಿ ಕರೆಯುವುದು ಹಾಗೆ. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಅಮ್ಮ ಮೀನಿನ ಬುಟ್ಟಿ ಹೊತ್ತು ಕಟಪಾಡಿಯವರೆಗೆ ನಡೆಯುತ್ತಿದ್ದ ಗಟ್ಟಿ ಹೆಂಗಸು. ಅವರಲ್ಲಿ ಮನೆತನ ಸಾಗುವುದು ಹೆಣ್ಣಿನ ಕಡೆಯಿಂದ. ಆಕೆಗೆ ಇದ್ದದ್ದು ಒಬ್ಬಳೇ ಮಗಳು. ಮಗಳಿಗೆ ಮದುವೆಯಾಗಿ ಆರು ವರ್ಷ. ಅಳಿಯ, ಹತ್ತಾರು ಜನ ದಡದಿಂದ ಎಳೆಯುವ ರಂಪಣಿ ಬಲೆಯ ತಂಡದಲ್ಲಿ ಒಬ್ಬ; ಅತ್ತೆಯ ಮನೆಯಲ್ಲೇ ಇದ್ದ ಸಾಧು ಮನುಷ್ಯ. ಮಗಳನ್ನು ಅಮ್ಮ ಬೈದದ್ದನ್ನು ನಾನು ಕೇಳಿಲ್ಲ. ಹಾಲು ಕಾಯಿಸಿ ಕೊಡುತ್ತಿದ್ದಳು, ತಲೆಗೆ ಎಣ್ಣೆ ಹಾಕುತ್ತಿದ್ದಳು, ಕೆಲಸ ಮಾಡಗೊಡುತ್ತಿರಲಿಲ್ಲ. ಅಷ್ಟು ಪ್ರೀತಿಯ ಅಡಿಯಲ್ಲಿ ಮಗಳಿಗೆ ಉಸಿರಾಡಲು ಜಾಗವಿರಲಿಲ್ಲ.

ಚೌಕಳಿ ಕಾಗದದ ಕೆಳಗೆ ಷರಾ ಬರೆಯಲು ಒಂದು ಸಾಲು ಇತ್ತು. ಜ್ವರ, ನೆಗಡಿ, ನಿದ್ದೆ ಕೆಟ್ಟಿದ್ದರೆ ಅಲ್ಲಿ ಗುರುತು ಹಾಕಬೇಕು. "ನಿದ್ದೆ ಬಂತಾ?" ಎಂದು ನಾನು ಕೇಳಿದರೆ ಅವಳು ಕನಸು ಹೇಳುತ್ತಿದ್ದಳು. ಗಾಜಿನ ಕಡ್ಡಿಯೊಳಗೆ ಬೊಳಿಂಜೆರ್ ಎಂಬ ಬೆಳ್ಳಿಬಣ್ಣದ ಒಂದು ಸಣ್ಣ ಮೀನು ಸಿಕ್ಕಿಕೊಂಡು ಮೇಲಕ್ಕೆ ಮೇಲಕ್ಕೆ ಈಜುತ್ತಿದೆ, ತುದಿ ಮುಟ್ಟುತ್ತಿಲ್ಲ. ದೀಪಸ್ತಂಭದ ಬೆಳಕು ಮನೆಯೊಳಗೆ ಬಂದು ಒಂದೊಂದೇ ಕೋಣೆ ಹುಡುಕಿ, ಏನೂ ಸಿಗದೆ ಹೊರಗೆ ಹೋಗುತ್ತಿದೆ. ನಾನು ಇದನ್ನೆಲ್ಲ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳತೊಡಗಿದೆ. ಯಾಕೆ ಬರೆದೆನೋ, ಡಾಕ್ಟರಮ್ಮ ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಏಳನೆಯ ಥರ್ಮಾಮೀಟರು ಒಂದಿತ್ತು. ಅದು ನನ್ನದು. ನನಗೂ ಮದುವೆಯಾಗಿ ನಾಲ್ಕು ವರ್ಷ ದಾಟಿತ್ತು. ಆ ಬೆಳಗಿನ ನಡಿಗೆಗೆ ಹೊರಡುವ ಮೊದಲು ನಾನೂ ಐದು ನಿಮಿಷ ಮಾತಿಲ್ಲದೆ ಮಲಗಿರುತ್ತಿದ್ದೆ. ನನ್ನ ಚೌಕಳಿ ಕಾಗದ ಪ್ರಾರ್ಥನೆಯ ಪುಸ್ತಕದೊಳಗೆ ಮಡಚಿಕೊಂಡಿತ್ತು. ಗಂಡನಿಗೆ ಗೊತ್ತಿತ್ತು, ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ತಿಂಗಳ ಕೊನೆಯ ದಿನಗಳಲ್ಲಿ ಬಸ್ಸು ಉದ್ಯಾವರ ದಾಟುವಾಗ ಬೆರಳು ಮಡಚಿ ದಿನ ಎಣಿಸುತ್ತಿದ್ದೆ. ಹೆರಿಗೆಯ ಕೋಣೆಯಲ್ಲಿ ಕೂಸನ್ನು ಒರೆಸಿ ತಾಯಿಯ ಕೈಗೆ ಕೊಟ್ಟ ಮೇಲೆ ಹಿತ್ತಿಲ ಬಾವಿಕಟ್ಟೆಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತಿತ್ತು.

ಕೆಲಸ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಮೊದಲ ತಿಂಗಳು ಅವಳ ಗೀಟು ಚೆನ್ನಾಗಿಯೇ ಬಂತು. ಕೆಳಗೆ ಇದ್ದು, ಏರಿ, ನಿಂತು, ಇಳಿಯಿತು. ಎರಡನೆಯ ತಿಂಗಳಿನಿಂದ ಚುಕ್ಕಿಗಳು ಚೆಲ್ಲಾಪಿಲ್ಲಿಯಾದವು. ಕೇಳಿದರೆ, ಗಾಜಿನ ಕಡ್ಡಿಯನ್ನು ಸರಿಯಾದ ಹೊತ್ತಿಗೆ ಇಡಬೇಕೆಂಬ ಭಯದಲ್ಲಿ ಅವಳು ಕೋಳಿ ಕೂಗುವುದಕ್ಕೆ ಎಷ್ಟೋ ಮುಂಚೆ ಎದ್ದು ಕಾಯುತ್ತಿದ್ದಳು. ಎಚ್ಚರವಾಗಿ ಮಲಗಿದ ಮೈಯ ಬಿಸಿ ಲೆಕ್ಕಕ್ಕೆ ಬರುವುದಿಲ್ಲ. ಒಂದು ದಿನ ನೂರಾ ಒಂದು ತೋರಿಸಿತು. ನಾನು ಗಾಬರಿಯಾಗಿ ಹಣೆ ಮುಟ್ಟಿದರೆ ತಣ್ಣಗಿತ್ತು. ಅಮ್ಮ ಅದನ್ನು ಜೋಪಾನ ಮಾಡಲೆಂದು ಒಲೆಯ ಮೇಲಿನ ಗೂಡಿನಲ್ಲಿ ಇಟ್ಟಿದ್ದಳು.

ಇನ್ನೊಂದು ತೊಡಕು ಅವಳ ಗಂಡನದು. ಹಿಂದಿನ ತಿಂಗಳುಗಳ ಗೀಟು ನೋಡಿ ಡಾಕ್ಟರಮ್ಮ ಎರಡು ಮೂರು ದಿನ ಗುರುತು ಹಾಕಿ ಕೊಡುತ್ತಿದ್ದರು. ಆ ದಿನಗಳಲ್ಲಿ ಅವನು ಮನೆಯಲ್ಲಿರಬೇಕು. ಆದರೆ ಮೀನಿನ ಗುಂಪು ಕಂಡು ರಂಪಣಿ ಇಳಿಸಿದರೆ ಬಲೆ ಎಳೆಯಲು ಎಲ್ಲರೂ ಬೇಕು; ಎಳೆದು ಮುಗಿಸುವಾಗ ಮನುಷ್ಯನಲ್ಲಿ ಎಂತದ್ದೂ ಉಳಿದಿರುವುದಿಲ್ಲ. ಅಮ್ಮನೇ ಹೋಗಿ ತಂಡದ ಯಜಮಾನನ ಹತ್ತಿರ ರಜೆ ಕೇಳಿದಳು. ದಡದಲ್ಲಿ ಸುದ್ದಿ ಹರಡಿತು. "ಇವತ್ತು ಇವನಿಗೆ ಬೇರೆ ಬಲೆ ಉಂಟು ಮಾರಾಯ" ಎಂದು ಯಾರೋ ಕೂಗಿದರಂತೆ, ಹಗ್ಗ ಹಿಡಿದವರೆಲ್ಲ ನಕ್ಕರಂತೆ. ಅವನು ಆ ದಿನ ಮನೆಗೆ ಬರಲೇ ಇಲ್ಲ. ಮಲ್ಪೆಗೆ ಹೋಗಿ ಅಣ್ಣನ ಮನೆಯಲ್ಲಿ ಕುಳಿತ; ಮರಳಿದ್ದು ವಾರ ಕಳೆದ ಮೇಲೆ.

ಐದನೆಯ ತಿಂಗಳು ನಾನು ತಪ್ಪು ಮಾಡಿದೆ. ಬಿಸಿ ಏರಿದ್ದು ಹದಿನಾಲ್ಕು ದಿನ ನಿಂತಿತು. ಹದಿನೈದನೆಯ ದಿನವೂ. ಹದಿನಾರನೆಯ ದಿನ ಗಾಜಿನ ಕಡ್ಡಿಯನ್ನು ಬಾಗಿಲ ಬೆಳಕಿಗೆ ಹಿಡಿದು ಎರಡೆರಡು ಸಲ ಓದಿದೆ. ಡಾಕ್ಟರಮ್ಮನಿಗೆ ಮೊದಲು ತೋರಿಸಬೇಕು, ಅಲ್ಲಿಯವರೆಗೆ ಬಾಯಿ ಬಿಡಬಾರದು, ಇದು ನಿಯಮ. ನಾನು ಹೇಳಿಬಿಟ್ಟೆ: "ಇಳಿಯಲಿಲ್ಲ. ಈ ಸಲ ಇಳಿಯಲಿಲ್ಲ."

ಅಮ್ಮ ಒಳಗಿನಿಂದ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಆ ದಿನ ನಾನು ಬಸ್ಸಿನಲ್ಲಿ ತೇಲುತ್ತಾ ಹೋದೆ. ನನ್ನ ಮನಸ್ಸಿನಲ್ಲಿ ಅವಳ ಗೀಟೂ ನನ್ನ ಗೀಟೂ ಒಂದೇ ಆಗಿಹೋಗಿತ್ತು. ಡಾಕ್ಟರಮ್ಮ ಕಾಗದ ನೋಡಿ, ಕೆಳಗಿನ ಷರಾಕ್ಕೆ ಬೆರಳಿಟ್ಟರು. "ನೆಗಡಿ, ಮೂಗು ಕಟ್ಟಿದೆ ಎಂದು ನೀವೇ ಬರೆದಿದ್ದೀರಿ ಸಿಸ್ಟರ್. ನಾಲ್ಕು ದಿನದಿಂದ. ಬಿಸಿ ಇಳಿಯದ್ದು ಅದಕ್ಕೇ ಇರಬಹುದು." ನಾನೇ ಬರೆದದ್ದನ್ನು ನಾನು ನೋಡಿರಲಿಲ್ಲ.

ಹತ್ತೊಂಬತ್ತನೆಯ ದಿನ ಅವಳ ಮನೆಯ ಬಾಗಿಲು ಮುಚ್ಚಿತ್ತು. ತಳ್ಳಿದೆ. ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಮುಟ್ಟಾಗಿತ್ತು. ಥರ್ಮಾಮೀಟರು ನೆಲದ ಮೇಲೆ ಒಡೆದು ಬಿದ್ದಿತ್ತು, ಪಾದರಸ ಸಗಣಿ ಸಾರಿಸಿದ ನೆಲದ ಮೇಲೆ ಸಣ್ಣ ಸಣ್ಣ ಮಣಿಗಳಾಗಿ ಉರುಳಿ, ಬೆಳಗಿನ ಬೆಳಕನ್ನೆಲ್ಲ ತನ್ನೊಳಗೆ ಎಳೆದುಕೊಂಡು ಮಿನುಗುತ್ತಿತ್ತು.

"ಬಿತ್ತಾ?" ಎಂದೆ.

"ಇಲ್ಲ. ನಾನೇ ಎಸೆದೆ."

ನಾನು ಒಂದು ದಪ್ಪ ಕಾಗದದ ಚೂರು ತೆಗೆದು ಮಣಿಗಳನ್ನು ಒಂದೊಂದಾಗಿ ಒಟ್ಟು ಮಾಡತೊಡಗಿದೆ. ಮುಟ್ಟಿದರೆ ಒಡೆಯುತ್ತವೆ, ಹತ್ತಿರ ತಂದರೆ ಕೂಡಿಕೊಳ್ಳುತ್ತವೆ. ಅವಳು ನೋಡುತ್ತಲೇ ಇದ್ದಳು. ಕೊನೆಗೆ ಹೇಳಿದಳು: "ನಾಳೆ ಇನ್ನೊಂದು ತರುತ್ತೀರಾ?"

ಬ್ಯಾಗಿನಲ್ಲಿ ಇನ್ನೊಂದು ಇತ್ತು. ಆರು ಮಂದಿಯಲ್ಲಿ ಉದ್ಯಾವರದವಳೊಬ್ಬಳು ಸಾಕೆಂದು ಮರಳಿಸಿದ್ದು. ಆದರೆ ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿದಾಗ ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ನನ್ನ ಮುಖವೇ ನೆನಪಾಯಿತು. "ತರುವುದಿಲ್ಲ" ಎಂದೆ. ಆಮೇಲೆ ನನ್ನ ಏಳನೆಯ ಥರ್ಮಾಮೀಟರಿನ ಸಂಗತಿಯನ್ನೂ ಹೇಳಿದೆ. ಆಸ್ಪತ್ರೆಯವಳು ಹೀಗೆ ಹೇಳಿಕೊಳ್ಳಬಾರದು. ಆದರೂ ಹೇಳಿದೆ.

ಅವಳು ಗೋಡೆ ಬಿಟ್ಟು ನೆಟ್ಟಗೆ ಕುಳಿತಳು. "ನಿಮಗೂ ಹೀಗೇನಾ? ತಿಂಗಳು ತಿಂಗಳೂ?"

"ಹೌದು ಮಾರಾಯ್ತಿ. ತಿಂಗಳು ತಿಂಗಳೂ."

ಡಾಕ್ಟರಮ್ಮನಿಗೆ ಹೇಳುವುದು ಕಷ್ಟವಾಯಿತು. "ಮೂರು ತಿಂಗಳು ಅವಳಿಗೆ ಚಾರ್ಟ್ ಬೇಡ ಡಾಕ್ಟ್ರೇ. ಬೆಳಿಗ್ಗೆ ಹೋಗುವುದನ್ನು ಬಿಡುವುದಿಲ್ಲ. ಆದರೆ ಓದಲು ಎಂತದ್ದೂ ಇರಬಾರದು."

"ಚಾರ್ಟ್ ಇಲ್ಲದೆ ನಾನು ಏನನ್ನು ನೋಡಲಿ?"

"ಅವಳನ್ನು ನೋಡಿ."

ಹಾಗೆ ಹೇಳುವ ಧೈರ್ಯ ನನಗೆ ಎಲ್ಲಿಂದ ಬಂತೋ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳ ಹಾಳೆಯ ಷರಾ ಸಾಲುಗಳನ್ನು ಮೊದಲಿನಿಂದ ಓದಿದರು, ಕನಸುಗಳನ್ನೆಲ್ಲ. "ಹೆರಿಗೆಗೆ ಬಂದವರಿಗೆ ಮೈ ಸಡಿಲ ಬಿಡಲು ಕಲಿಸುತ್ತೀರಲ್ಲ, ಅದನ್ನು ಇವಳಿಗೂ ಕಲಿಸಿ" ಎಂದರು ಕೊನೆಗೆ.

ಮರುದಿನದಿಂದ ನಾನು ಬರಿಗೈಯಲ್ಲಿ ಹೋದೆ. ಅವಳನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಬಾಗಿಲು ಕಡಲಿನ ಕಡೆ ತೆರೆದಿಟ್ಟು, ಕಾಲಿನ ಹೆಬ್ಬೆರಳಿನಿಂದ ಆರಂಭಿಸುತ್ತಿದ್ದೆ. ಹೆಬ್ಬೆರಳು ಬಿಗಿ ಮಾಡು, ಬಿಡು. ಮೊಣಕಾಲು, ಬಿಡು. ಹೊಟ್ಟೆ, ಬಿಡು. ಹೆರಿಗೆಯ ಕೋಣೆಯಲ್ಲಿ ಹೇಳುವ ಮಾತು ಅವಳಿಗೆ ನಾಟಲಿಲ್ಲ. "ಒಣಗಲು ಹರಡಿದ ಬಲೆಯ ಹಾಗೆ ಬಿದ್ದುಕೋ, ಯಾರೂ ಎಳೆಯುತ್ತಿಲ್ಲ" ಎಂದಾಗ ಅವಳ ಭುಜ ಮೊದಲ ಸಲ ನೆಲ ಮುಟ್ಟಿತು. ಅಲೆ ಬರುವಾಗ ಉಸಿರು ಒಳಗೆ, ಅಲೆ ಹೋಗುವಾಗ ಹೊರಗೆ. ಮೊದಲ ವಾರ ಅವಳಿಗೆ ಅಳು ಬರುತ್ತಿತ್ತು. ಎರಡನೆಯ ವಾರ ನಾನು ಸೊಂಟದವರೆಗೆ ಬರುವಷ್ಟರಲ್ಲಿ ನಿದ್ದೆ ಹೋದಳು. ನಾನು ಸದ್ದು ಮಾಡದೆ ಎದ್ದು ಬಂದೆ. ಮರಳಿನ ಮೇಲೆ ನಡೆಯುವಾಗ ನನ್ನ ಉಸಿರೂ ಅಲೆಯ ಜೊತೆಗೆ ಹೋಗುತ್ತಿದ್ದುದು ಗೊತ್ತಾಯಿತು. ಪ್ರಾರ್ಥನೆಯ ಪುಸ್ತಕದೊಳಗಿನ ಚೌಕಳಿ ಕಾಗದವನ್ನು ನಾನೂ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಅಮ್ಮನಿಗೂ ಒಂದು ನಿಯಮ ಮಾಡಿದೆವು. ಮಗುವಿನ ಮಾತು ಸೋಮವಾರ ಮಾತ್ರ. ಉಳಿದ ದಿನ ಆ ಮಾತು ಬಾಯಿಗೆ ಬಂದರೆ ಸೋಮವಾರಕ್ಕೆ ಇಟ್ಟುಕೊಳ್ಳಬೇಕು. ಪಾಪ, ಆಕೆಗೆ ಅದು ದೊಡ್ಡ ಶಿಕ್ಷೆ. ಬುಧವಾರವೇ ನನ್ನನ್ನು ಅಂಗಳದಲ್ಲಿ ತಡೆದು, "ಇವತ್ತು ವಾರ ಯಾವುದು ಬಾಯಮ್ಮ?" ಎಂದು ಕೇಳಿ, ನಾನು ಹೇಳಿದರೆ ನಿಟ್ಟುಸಿರು ಬಿಟ್ಟು ಬುಟ್ಟಿ ಎತ್ತಿಕೊಳ್ಳುತ್ತಿದ್ದಳು. ಮಗಳು ಬಲೆ ಹೆಣೆಯಲು ಕುಳಿತಳು. ಅಳಿಯ ಮತ್ತೆ ಮಲ್ಪೆಗೆ ಓಡಲಿಲ್ಲ. ಒಂದು ಬೆಳಿಗ್ಗೆ ಕನಸು ಕೇಳಿದಾಗ, "ಇವತ್ತು ಎಂತದ್ದೂ ಇರಲಿಲ್ಲ. ನೀರು ಇತ್ತು, ಅಷ್ಟೇ" ಎಂದಳು.

ಚಾರ್ಟ್ ಬಿಟ್ಟ ನಾಲ್ಕನೆಯ ತಿಂಗಳು ಮುಗಿಯುವಾಗ ಬಸಿರಾದದ್ದು ಅವಳಲ್ಲ, ನಾನು.

ಏಳನೆಯ ಥರ್ಮಾಮೀಟರಿನ ಸಂಗತಿಯನ್ನು ಅವತ್ತು ಡಾಕ್ಟರಮ್ಮನಿಗೂ ಹೇಳಿದೆ. ಅವರು ಪರೀಕ್ಷೆ ಮಾಡಿ, ಕೈ ತೊಳೆದುಕೊಳ್ಳುತ್ತಾ ಹೇಳಿದರು: "ಎಣಿಸುವುದನ್ನು ನಿಲ್ಲಿಸಿದ್ದಕ್ಕೆ ಮಗು ಆಯಿತು ಎಂದು ಯಾರ ಹತ್ತಿರವೂ ಹೇಳಬೇಡಿ. ನಮಗೆ ಅದು ಗೊತ್ತಿಲ್ಲ. ನಾಳೆ ಇನ್ನೊಬ್ಬಳು, ನಾನು ಸರಿಯಾಗಿ ಸಮಾಧಾನದಿಂದ ಇರಲಿಲ್ಲ, ಅದಕ್ಕೇ ಆಗಲಿಲ್ಲ ಅಂದುಕೊಳ್ಳುತ್ತಾಳೆ." ಇಷ್ಟು ವರ್ಷಗಳಲ್ಲಿ ನಾನು ಆ ಮಾತನ್ನು ಮೀರಿಲ್ಲ.

ಅವಳಿಗೆ ಹೇಳಲು ಸೋಮವಾರದವರೆಗೆ ಕಾದೆ. ಹೇಳಿದೆ. ಅವಳು ಚಾಪೆಯನ್ನು ಎತ್ತಿ, ಕೊಡಹಿ, ನಿಧಾನವಾಗಿ ಸುತ್ತಿಟ್ಟಳು. "ಒಳ್ಳೆಯದಾಯಿತು ಬಾಯಮ್ಮ" ಎಂದಳು. ಬಾಗಿಲವರೆಗೆ ಬಂದು, "ನಾಳೆ ಬರಬೇಡಿ, ಆಯ್ತಾ?" ಎಂದಳು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಮುಂದಿನ ಎರಡು ವಾರ ನಾನು ಬಸ್ಸಿಗೆ ಮೇಲಿನ ದಾರಿಯಿಂದಲೇ ಹೋದೆ. ಕಡಲು ಕಿವಿಗೆ ಬೀಳುತ್ತಿತ್ತು, ಕಾಣುತ್ತಿರಲಿಲ್ಲ.

ಮೂರನೆಯ ವಾರ ಅವಳೇ ಆಸ್ಪತ್ರೆಗೆ ಬಂದಳು, ಗಂಡನನ್ನೂ ಕರೆದುಕೊಂಡು. ಡಾಕ್ಟರಮ್ಮನ ಮೇಜಿನ ಮುಂದೆ ನಿಂತು ಹೇಳಿದಳು: "ನನಗೆ ಆಸೆ ಬೇಡ. ಇದ್ದದ್ದನ್ನು ಹೇಳಿ. ಯಾವುದಾದರೂ ಒಂದು ಗೊತ್ತಾದರೆ ನಾನು ಹೊರುತ್ತೇನೆ. ಗೊತ್ತಿಲ್ಲದ್ದನ್ನು ಹೊರಲು ಆಗುವುದಿಲ್ಲ."

ಡಾಕ್ಟರಮ್ಮ ಒಂದು ಗಳಿಗೆ ಅವಳ ಗಂಡನನ್ನು ನೋಡಿದರು. ಆಗೆಲ್ಲ ಗಂಡಸರನ್ನು ಕರೆದು ಪರೀಕ್ಷೆ ಮಾಡುವ ವಾಡಿಕೆಯೇ ಇರಲಿಲ್ಲ. ಬಂದವಳನ್ನು ಮಾತ್ರ ಅಳೆಯುತ್ತಿದ್ದೆವು. ವರ್ಷವೆಲ್ಲ ಆರು ಹೆಂಗಸರ ನಾಲಿಗೆಯಡಿ ಗಾಜಿನ ಕಡ್ಡಿ ಇಟ್ಟ ನಮಗೆ ಈ ಮಾತು ಮೊದಲೇ ಹೊಳೆಯಬೇಕಿತ್ತು. ಹೊಳೆದಿದ್ದರೂ ಕೇಳುವ ಧೈರ್ಯ ಇರಲಿಲ್ಲ ಎನ್ನುವುದು ಹೆಚ್ಚು ಸರಿ. ಅವನು ತಲೆ ತಗ್ಗಿಸಿ, "ಎಂತ ಮಾಡಬೇಕು ಹೇಳಿ, ಮಾಡುತ್ತೇನೆ" ಎಂದ.

ಬೇಯಿಸಿ ಒಣಗಿಸಿದ ಅಗಲ ಬಾಯಿಯ ಶೀಸೆಯೊಂದನ್ನು ಅವನಿಗೆ ಕೊಟ್ಟೆವು. ವೀರ್ಯವನ್ನು ಅದರಲ್ಲಿ ಹಿಡಿದು, ಮೈಗೆ ತಾಗಿಸಿ ಬೆಚ್ಚಗಿಟ್ಟುಕೊಂಡು, ಒಂದು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕು. ಮರುದಿನ ಬೆಳಿಗ್ಗೆ ಕಾಪುವಿನಲ್ಲಿ ನಾವು ಒಂದೇ ಬಸ್ಸು ಹತ್ತಿದೆವು. ನಾನು ಮುಂದಿನ ಸೀಟಿನಲ್ಲಿ ಕೈಗಡಿಯಾರ ನೋಡುತ್ತಾ, ಅವನು ಹಿಂದೆ ಅಂಗಿಯೊಳಗೆ ಎರಡೂ ಕೈ ಇಟ್ಟುಕೊಂಡು. ಕಟಪಾಡಿಯಲ್ಲಿ ಬಸ್ಸು ನಿಂತಿತು, ಹೊರಡಲಿಲ್ಲ. ಜನ ಹತ್ತುತ್ತಲೇ ಇದ್ದರು.

"ಎಂತ ಮಾರಾಯ, ಹೊಟ್ಟೆನೋವಾ?" ಎಂದ ಕಂಡಕ್ಟರ್.

"ಹೌದು. ಬೇಗ ಬಿಡಿ" ಎಂದ ಅವನು, ಮುಖ ಕೆಂಪಾಗಿ.

ಕಂಡಕ್ಟರ್ ಕರುಣೆಯಿಂದ ಸೀಟಿ ಊದಿದ. ಐವತ್ತೆರಡು ನಿಮಿಷಕ್ಕೆ ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದರು. ಮೂರು ವಾರ ಬಿಟ್ಟು ಮತ್ತೊಮ್ಮೆ ಅದನ್ನೇ ಮಾಡಿದೆವು. ಆ ದಿನ ಅವಳೂ ಬಂದಿದ್ದಳು. ಡಾಕ್ಟರಮ್ಮ ನನ್ನನ್ನೂ ನೋಡಲು ಕರೆದರು. ಬೆಳ್ಳನೆಯ ವೃತ್ತದಲ್ಲಿ ಮೋಡದಂಥ ಒಂದು ಬಯಲು. ಬಹಳ ಹೊತ್ತು ನೋಡಿದರೆ ಒಂದು ವೀರ್ಯಾಣು, ಆಮೇಲೆ ಎಲ್ಲೋ ದೂರದಲ್ಲಿ ಇನ್ನೊಂದು, ದಾರಿ ತಪ್ಪಿದವರ ಹಾಗೆ ಅಲ್ಲೇ ಮಿಸುಕುತ್ತಿದ್ದವು.

ಆ ಮನೆಯಲ್ಲಿ ಮಗು ಹುಟ್ಟಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಓದುವವರನ್ನೂ ಕಾಯಿಸುವುದು ನನಗೆ ಇಷ್ಟವಿಲ್ಲ.

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ, ಬಹಳ ಕಷ್ಟ, ಇದಕ್ಕೆ ತನ್ನಲ್ಲಿ ಮದ್ದಿಲ್ಲ ಎಂದು ನೇರವಾಗಿ ಹೇಳಿದರು. ಅವಳು ಕೇಳಿದ್ದು ಒಂದೇ: "ಹಾಗಾದರೆ ನನ್ನ ಗೀಟು?"

"ನೀನು ಸರಿಯಾಗಿ ನಿದ್ದೆ ಮಾಡಿದ ಆ ಮೊದಲ ತಿಂಗಳ ಗೀಟು ಸರಿಯಾಗಿಯೇ ಉಂಟು. ನಿನ್ನಲ್ಲಿ ತೊಂದರೆ ನನಗೆ ಕಾಣಲಿಲ್ಲ."

ಅವಳ ಮುಖದಲ್ಲಿ ಏನೋ ಬಿಡುಗಡೆಯಾದದ್ದು ಕಂಡಿತು. ಆದರೆ ಪಕ್ಕದಲ್ಲಿ ಅವನು ಕುಳಿತಿದ್ದ; ಅವಳು ಅದನ್ನು ಮುಖದ ಮೇಲೆ ನಿಲ್ಲಗೊಡಲಿಲ್ಲ. ಅವನು ನಿಧಾನವಾಗಿ ಹೇಳಿದ: "ಇವಳು ಇಷ್ಟು ಕಾಲ ನಿದ್ದೆ ಇಲ್ಲದೆ ಒದ್ದಾಡಿದಳು ಡಾಕ್ಟ್ರೇ. ನನ್ನಿಂದಾಗಿ." ಅವಳು ಮೇಜಿನ ಕೆಳಗೆ ಅವನ ಕೈ ಹಿಡಿದುಕೊಂಡಳು.

ಮಧ್ಯಾಹ್ನ ಮೂವರೂ ಒಂದೇ ಬಸ್ಸಿನಲ್ಲಿ ಮರಳಿದೆವು. ಕಿಟಕಿಯಿಂದ ಉಪ್ಪುಗಾಳಿ ಬರುತ್ತಿತ್ತು. ಉದ್ಯಾವರ ದಾಟಿದ ಮೇಲೆ ತಿರುಗಿ ನೋಡಿದರೆ, ಹಿಂದಿನ ಸೀಟಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋಗಿದ್ದರು. ಕಾಪುವಿನಲ್ಲಿ ಕಂಡಕ್ಟರ್ ಎರಡು ಸಲ ಕೂಗಿದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಬಸ್ಸು ಮುಂದೆ ಹೋಯಿತು, ಪಡುಬಿದ್ರಿಯವರೆಗೆ, ನಾನೂ ಇಳಿಯಲಿಲ್ಲ. ನನಗೂ ಕಣ್ಣು ಎಳೆಯುತ್ತಿತ್ತು. ಎಚ್ಚರವಾದಾಗ ಅವಳು ಕಿಟಕಿಯ ಹೊರಗೆ ನೋಡಿ, "ಇದು ಯಾವ ಊರು ಬಾಯಮ್ಮ?" ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಯಲ್ಲಿ ಅಮ್ಮ ಕಾಯುತ್ತಿದ್ದಳು. ಹೇಳಬೇಕಾದದ್ದನ್ನು ಅಳಿಯನೇ ಹೇಳಿದ, ಅಂಗಳದಲ್ಲಿ ನಿಂತು, ಒಂದೇ ಉಸಿರಿಗೆ. ಹೇಳಿ ಕಡಲಿನ ಕಡೆ ನಡೆದುಬಿಟ್ಟ. ಅವರಲ್ಲಿ ಗಂಡನನ್ನು ಬಿಟ್ಟು ಇನ್ನೊಬ್ಬನನ್ನು ಮದುವೆಯಾಗುವುದಕ್ಕೆ ಅಡ್ಡಿಯಿಲ್ಲ. ಅಮ್ಮ ಅವನು ಮರಳಿಗೆ ಇಳಿಯುವವರೆಗೆ ಕಾದಳು. ಆಮೇಲೆ ನನ್ನ ಎದುರಿಗೇ, ತಗ್ಗಿದ ದನಿಯಲ್ಲಿ ಮಗಳಿಗೆ ಹೇಳಿದಳು: "ನಿನಗಿನ್ನೂ ವಯಸ್ಸುಂಟು. ನಮ್ಮ ಮನೆ ನಿನ್ನಿಂದಲೇ ಮುಂದೆ ಹೋಗಬೇಕು. ಅವನು ಒಳ್ಳೆಯವನು, ನಾನು ಇಲ್ಲ ಅನ್ನುವುದಿಲ್ಲ. ಆದರೂ ಯೋಚನೆ ಮಾಡು ಮಗಳೇ."

ಮಗಳು ಯೋಚನೆ ಮಾಡಲಿಲ್ಲ. ದೂರದಲ್ಲಿ ಮರಳಿನ ಮೇಲೆ ಕುಳಿತಿದ್ದ ಗಂಡನನ್ನು ನೋಡುತ್ತಾ ಹೇಳಿದಳು: "ಇವರ ಹತ್ತಿರ ನನಗೆ ನಿದ್ದೆ ಬರುತ್ತದೆ ಅಮ್ಮ."

ಅಮ್ಮ ಮಗಳ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಅಂಗಳದ ಅಂಚಿಗೆ ನಡೆದು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಅಳಿಯನನ್ನು ಊಟಕ್ಕೆ ಕೂಗಿದಳು.